ಧೂಳಿಲ್ಲದವರ ಸಾಲು

ಮಾಟುಂಗ, ಮುಂಬಯಿ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ದಿಲನಾಜ,

ಧಾರವಾಡದಲ್ಲಿ ನೀನೂ ಮನೆಯವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ನರ್ಸಿಂಗ್ ಶಾಲೆಯ ಹುಡುಗಿಯರು ಈ ವರ್ಷವಾದರೂ ನಿನ್ನ ಬೈಗುಳಕ್ಕೆ ಹೆದರುತ್ತಿದ್ದಾರೆಯೇ? ಇಲ್ಲಿ ನಮ್ಮನೆಯವರು, ಪ್ರಶಾಂತ, ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಸ್ಟೇಷನ್ ಪಕ್ಕದ ಹೋಟೆಲಿಗೆ ಹೋಗಿ, ಸಕ್ಕರೆ ಕಾಯಿಲೆ ತನಗಲ್ಲ ಬೇರೆ ಯಾರಿಗೋ ಇದೆ ಎನ್ನುವ ಹಾಗೆ ಶೀರಾ ತಿಂದು ಬರುತ್ತಾರೆ. ನಾನು ಕೇಳುವುದಿಲ್ಲ. ಈಚೆಗೆ ಯಾರ ಆರೋಗ್ಯದ ಬಗ್ಗೆಯೂ ಬುದ್ಧಿ ಹೇಳಲು ನಾಲಿಗೆ ಏಳುವುದಿಲ್ಲ.

ಉತ್ತರ ತಡವಾಯಿತು, ಕ್ಷಮಿಸು. ತಡ ಎನ್ನುವುದೂ ಸರಿಯಲ್ಲ, ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದೆ. "ಆಪಾನ ದನಿ ಭಾಳ ಸಣ್ಣ ಆಗೇದ ಮೇಡಂ, ಒಮ್ಮೆ ಮನಿಗೆ ಹೋಗಿ ನೋಡ್ರಿ" ಎಂದು ನಿನ್ನ ಅಕ್ಕನ ಬಗ್ಗೆ ನೀನು ಜೂನ್‌ನಲ್ಲಿ ಬರೆದೆ. "ನೋಡಿಕೊಳ್ಳುತ್ತಿದ್ದೇವೆ, ಚಿಂತೆ ಬೇಡ" ಎಂದು ಒಂದು ಸಾಲು ಕಳಿಸಿದೆ. ನೀನು ಫೋನು ಮಾಡಿದಾಗಲೆಲ್ಲ ಮೀಟಿಂಗ್‌ನಲ್ಲಿದ್ದೇನೆ ಎಂದೆ. ಮೀಟಿಂಗ್ ಇರಲಿಲ್ಲ. ಮೇಜಿನ ಮುಂದೆ ಕೂತು ಫೋನು ಸುಮ್ಮನಾಗುವುದನ್ನು ಕಾಯುತ್ತಿದ್ದೆ. ಮಾತಿನಲ್ಲಿ ಹೇಳಲು ಹೋದರೆ ನಿನ್ನ ಮೊದಲ ಪ್ರಶ್ನೆಗೇ ನಾನು ಡಾಕ್ಟರರ ಭಾಷೆಯ ಹಿಂದೆ ಅಡಗಿಬಿಡುತ್ತೇನೆಂದು ನನಗೆ ಗೊತ್ತು. ಅದಕ್ಕೇ ಈ ಕಾಗದ.

ಮೊದಲು ಮುಖ್ಯವಾದ ಮಾತು. ನಿನ್ನ ಅಕ್ಕ ಗುಲಶನ ಬದುಕಿದ್ದಾಳೆ. ಆಸ್ಪತ್ರೆಯಿಂದ ಆಂಟಾಪ್ ಹಿಲ್‌ನ ಮನೆಗೆ ಬಂದಿದ್ದಾಳೆ. ಆದರೆ ಅವಳಿಗಿರುವುದು ಟಿಬಿ ಅಲ್ಲ. ಯಾವತ್ತೂ ಟಿಬಿ ಆಗಿರಲಿಲ್ಲ. ಎರಡು ಸಲ ಅವಳು ವಾಂತಿ ಮಾಡಿಕೊಂಡು, ಮೈ ಇಳಿಸಿಕೊಂಡು ನುಂಗಿದ ಆ ಮಾತ್ರೆಗಳೆಲ್ಲ ಅವಳಿಗೆ ಸಂಬಂಧವೇ ಇಲ್ಲದವು. ಎರಡನೆಯ ಸಲದ ಚೀಟಿಗೆ ಸಹಿ ಹಾಕಿದವಳು ನಾನು.

ಇದು ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಅರ್ಧ ನಿನಗೆ ಗೊತ್ತೇ ಇದೆ, ಆದರೂ ಬರೆಯಬೇಕು.

ನೀನು ಇಲ್ಲಿ ಮೆಡಿಕಲ್ ಕಾಲೇಜಿನ ನಮ್ಮ ವಿಭಾಗ ಬಿಟ್ಟು ಧಾರವಾಡಕ್ಕೆ ಹೊರಡುವ ತಯಾರಿಯಲ್ಲಿದ್ದ ದಿನಗಳು ಅವು. ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಒಬ್ಬ ಗ್ರೈಂಡರ್ ಕೆಲಸದವನು ಮಲಗಿದ್ದ. ಟಿಬಿ ಔಷಧಿ ಅವನಿಗೆ ಹತ್ತುತ್ತಿರಲಿಲ್ಲ. ಎಲ್ಲಿ ಕೆಲಸ ಎಂದು ಕೇಳಿದೆ. ಆಂಟಾಪ್ ಹಿಲ್‌ನ ಹಿಂದಿನ ಒಂದು ಶೆಡ್ಡಿನಲ್ಲಿ, ನಿನ್ನ ಭಾವ ರಾಜೇಸಾಬ ದುಡಿಯುತ್ತಿದ್ದ ಅದೇ ಶೆಡ್ಡಿನಲ್ಲಿ. ಪೆಟ್ರೋಲು, ಗ್ಯಾಸು ಇರುವ ಕಡೆ ನಟ್ಟು ಬಿಗಿಯುವ ಕಬ್ಬಿಣದ ಪಾನಾ ಕೈಜಾರಿ ಬಿದ್ದರೆ ಕಿಡಿ ಹಾರಿ ಅನಾಹುತವಾದೀತೆಂದು, ತಾಮ್ರಕ್ಕೆ ಒಂಚೂರು ಬೆರಿಲಿಯಂ ಎಂಬ ಲೋಹ ಬೆರೆಸಿ ಪಾನಾ, ಸುತ್ತಿಗೆ ಮಾಡುತ್ತಿದ್ದರು. ಬೇರೆಯವರ ಜೀವ ಕಾಪಾಡುವ ಸಾಮಾನು. ಅದನ್ನು ಉಜ್ಜಿ ನಯ ಮಾಡುವಾಗ ಏಳುವ ಧೂಳು ಎಲ್ಲರಿಗೂ ಕೆಡುಕು ಮಾಡುವುದಿಲ್ಲ. ಆದರೆ ಕೆಲವರ ಮೈ ಅದನ್ನು ವೈರಿಯೆಂದು ಒಮ್ಮೆ ಗುರುತಿಸಿತೆಂದರೆ ಆಮೇಲೆ ಅವರ ಶ್ವಾಸಕೋಶವೇ ಗಂಟುಗಂಟಾಗುತ್ತ ಹೋಗುತ್ತದೆ. ಎಕ್ಸ್‌ರೇಯಲ್ಲಿ ಟಿಬಿಯ ಹಾಗೆಯೇ ಕಾಣುತ್ತದೆ.

ನನಗೆ ಅನುಮಾನ ಬಂತು. ಅನುಮಾನವನ್ನು ರುಜುವಾತು ಮಾಡುವುದು ಹೇಗೆ? ನಾವಿಬ್ಬರೂ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇವೆ. ರೋಗ ಅಪರೂಪವಾದರೆ ರೋಗಿಗಳನ್ನು ಕೂಡಿಸಿ ಕಾರಣದ ಕಡೆಗೆ ಹಿಂದಕ್ಕೆ ಹೋಗಬೇಕು. ಆದರೆ ಇಲ್ಲಿ ಅಪರೂಪವಾಗಿದ್ದದ್ದು ಕಾರಣವೇ. ಮುಂಬಯಿಯ ಆಸ್ಪತ್ರೆಗಳಲ್ಲಿ ಕೆಮ್ಮುವವರನ್ನೆಲ್ಲ ನಿಲ್ಲಿಸಿ ಕೇಳಿದರೂ ಆ ಲೋಹದ ಹೆಸರು ಕೇಳಿದವರು ಸಿಗುವುದಿಲ್ಲ. ಹಾಗಿದ್ದಾಗ ಧೂಳು ಎಲ್ಲಿದೆಯೋ ಅಲ್ಲಿಗೇ ಹೋಗಬೇಕು. ಅದನ್ನು ಉಸಿರಾಡುವವರ ಒಂದು ಗುಂಪು, ಉಸಿರಾಡದವರ ಇನ್ನೊಂದು ಗುಂಪು ಮಾಡಿಕೊಂಡು, ಎರಡನ್ನೂ ವರ್ಷಗಟ್ಟಲೆ ಹಿಂಬಾಲಿಸಬೇಕು. ಇನ್ನೂ ಗಟ್ಟಿಮುಟ್ಟಾಗಿರುವವರನ್ನು ಸಾಲಾಗಿ ಕೂರಿಸಿ, ಯಾರು ಮೊದಲು ಬೀಳುತ್ತಾರೆಂದು ನೋಡುತ್ತ ಕೂರುವುದು. ತರಗತಿಯಲ್ಲಿ ನಾನು ಇದನ್ನು ಹೀಗೆ ಹೇಳಿದ್ದಿಲ್ಲ.

ಧೂಳಿನವರು ಸಿಕ್ಕರು. ಧೂಳಿಲ್ಲದವರು ಯಾರು? ಮೊದಲು ಅದೇ ರಸ್ತೆಯ ಟೆಂಪೋ ಚಾಲಕರನ್ನು ಕೇಳಿದೆವು. ಅವರು ಇಂದು ಇಲ್ಲಿದ್ದರೆ ನಾಳೆ ಭಿವಂಡಿಯಲ್ಲಿ. ಹೋಲಿಕೆ ಸರಿಹೋಗಬೇಕಾದರೆ ಒಂದೇ ನೀರು, ಒಂದೇ ಗಾಳಿ, ಒಂದೇ ಅಡುಗೆ ಇರಬೇಕು, ಧೂಳೊಂದೇ ಬೇರೆಯಾಗಿರಬೇಕು. ಆಗ ನನಗೆ ಹೊಳೆಯಿತು: ಆ ಕೆಲಸಗಾರರ ಹೆಂಡತಿಯರು. ಒಂದೇ ಖೋಲಿಯಲ್ಲಿ ಬದುಕುವವರು, ಊರು ಬಿಟ್ಟು ಹೋಗದವರು. ನಮ್ಮ ಕಾಲೇಜಿನ ಸಮಿತಿಯಲ್ಲಿ ಇದನ್ನು ಮಂಡಿಸಿದಾಗ ಎಲ್ಲರೂ ಭೇಷ್ ಎಂದರು. ನಾನೂ ಮನೆಗೆ ಬಂದು ಪ್ರಶಾಂತರ ಮುಂದೆ ಹೆಮ್ಮೆಪಟ್ಟುಕೊಂಡೆ.

ಆಮೇಲೆ ನಿನಗೆ ಫೋನು ಮಾಡಿದೆ. ಆ ಹೆಂಗಸರು ಮೊದಮೊದಲು ನನಗೆ ಬಾಗಿಲೇ ತೆರೆಯುತ್ತಿರಲಿಲ್ಲ. ನೀನು ಅಲ್ಲಿಂದಲೇ ಅಕ್ಕನಿಗೆ ಹೇಳಿದೆ, "ಅವ್ರು ನಮ್ಮ ಮೇಡಂ ಅದಾರ, ಆಪಾ. ಕೈ ಬಿಡೋರಲ್ಲ." ಆ ಮಾತಿನ ಮೇಲೆ ಗುಲಶನ ಮನೆಮನೆಗೂ ಹೋದಳು. ಕಲಬುರ್ಗಿ ಕಡೆಯವರು, ವಿಜಯಪುರದ ಕಡೆಯವರು, ಎಲ್ಲರನ್ನೂ ಅವಳೇ ಸಮಾಜ ಮಂದಿರದ ಹಾಲಿಗೆ ಕರೆತಂದಳು. ಪ್ರತಿ ವರ್ಷ ಎಕ್ಸ್‌ರೇ, ಪ್ರತಿ ವರ್ಷ ಕೊಳವೆಯಲ್ಲಿ ಜೋರಾಗಿ ಊದುವ ಪರೀಕ್ಷೆ. ಊದುವುದರಲ್ಲಿ ಹೆಂಗಸರೆಲ್ಲ ನಗುತ್ತಿದ್ದರು. ಗುಲಶನ, "ಜೋರ್ ಊದ್ರೇ, ಒಲಿ ಊದಿದಂಗ ಊದ್ರಿ" ಎಂದು ಹುರಿದುಂಬಿಸುತ್ತಿದ್ದಳು. ಎರಡನೆಯ ವರ್ಷ ಅವಳ ಉಸಿರೇ ಅರ್ಧಕ್ಕೆ ನಿಂತಿತು. ಆ ಹೊತ್ತಿಗೆ ಅವಳಿಗೆ ಕೆಮ್ಮು ಶುರುವಾಗಿತ್ತು. ಅವಳು ಧೂಳಿಲ್ಲದವರ ಗುಂಪಿನವಳಲ್ಲವೇ? ಹಾಗಾಗಿ ಟಿಬಿಯೇ ಇರಬೇಕು ಎಂದು ವಾರ್ಡಿನ ಡಾಕ್ಟರರು ಅಂದರು. ನಾನೂ ಹಾಗೆಯೇ ಅಂದೆ.

ಕಳೆದ ವರ್ಷ ಲೆಕ್ಕ ಹಾಕಿ ನೋಡಿದರೆ ಗಂಡಂದಿರಿಗೂ ಹೆಂಡತಿಯರಿಗೂ ವ್ಯತ್ಯಾಸವೇ ಇಲ್ಲ. ಇವರಲ್ಲಿ ಎಷ್ಟು ಮಂದಿಗೆ ಉಸಿರು ಸಾಲದೋ ಅವರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಸಾಲದು. ಅಂದರೆ ಧೂಳಿನ ತಪ್ಪಿಲ್ಲ. ಈ ವಠಾರದ ಗಾಳಿಯೇ ಹಾಗೆ, ಅಡುಗೆಯ ಹೊಗೆ, ಇಕ್ಕಟ್ಟು, ಟಿಬಿ. ಹಾಗೆಂದು ಲೇಖನ ಬರೆದೆ. ಜನವರಿಯಲ್ಲಿ ಅಚ್ಚಾಯಿತು.

ಶೆಡ್ಡಿನ ಶೇಟ್ ಆ ಲೇಖನದ ಪ್ರತಿ ಮಾಡಿಸಿ ಗೋಡೆಗೆ ಅಂಟಿಸಿದನಂತೆ. ನಮ್ಮ ಅಧ್ಯಯನ ಶುರುವಾದಾಗ ಹೆದರಿ ಹಾಕಿಸಿದ್ದ ಧೂಳು ಎಳೆಯುವ ಫ್ಯಾನನ್ನು ಬಿಚ್ಚಿಸಿದ. ಪ್ಯಾಕಿಂಗ್ ಕೆಲಸಕ್ಕೆ ಸರಿದಿದ್ದ ರಾಜೇಸಾಬ ಮತ್ತೆ ಗ್ರೈಂಡರ್ ಮುಂದೆ ನಿಂತ. ಗುಲಶನ ನನಗೆ ಫೋನು ಮಾಡಿ ಕೆಮ್ಮುತ್ತಲೇ ಸಂತೋಷಪಟ್ಟಳು. "ಇವರಿಗೇನೂ ಆಗೂದಿಲ್ಲ ಅಂತ ನೀವು ಬರದೀರಂತಲ್ರೀ ಅಕ್ಕಾರ. ಇನ್ನ ನನ್ನ ಜೀವ ಹಗರಾತು ನೋಡ್ರಿ."

ಈ ವರ್ಷದ ರಂಜಾನ್ ಹಬ್ಬ ಮುಗಿದ ವಾರ ಅವಳು ಸುರಕುಂಬಾ, ಆ ಹಬ್ಬದ ಶಾವಿಗೆ ಪಾಯಸ, ಕುಡಿಯಲು ಬಾ ಎಂದು ಕರೆದಿದ್ದಳು. ಸಂಜೆ ಹೋದೆ. ರಾಜೇಸಾಬ ಅದೇ ತಾನೇ ಕೆಲಸದಿಂದ ಬಂದಿದ್ದ. ಶೆಡ್ಡಿನಲ್ಲಿ ಸ್ನಾನಕ್ಕೂ ಬಟ್ಟೆ ಬದಲಿಸುವುದಕ್ಕೂ ಜಾಗವಿಲ್ಲ. ಅವನು ಅಂಗಿ ಬಿಚ್ಚಿ ಕೊಟ್ಟ. ಗುಲಶನ ಬಾಗಿಲಲ್ಲಿ ನಿಂತು ಅದನ್ನು ಝಾಡಿಸಿದಳು. ಸಂಜೆ ಬಿಸಿಲಿನಲ್ಲಿ ಸಣ್ಣ ಹೊಳಪಿನ ಪುಡಿ ಎದ್ದು ಅವಳ ಮುಖದ ಸುತ್ತ ಆಡಿತು. ಅವಳು ಕಣ್ಣು ಕಿರಿದು ಮಾಡಿ, ಕೆಮ್ಮಿ, ಆಮೇಲೆ ಒಳಗೆ ಪಾತ್ರೆ ಬಟ್ಟೆ ತೊಳೆಯುವ ಮೋರಿಯಲ್ಲಿ ಅಂಗಿಯನ್ನು ನೆನೆಹಾಕಿದಳು. ಅಲ್ಲಿಂದ ಎದ್ದು ಬಂದು ನನಗೆ ಬಟ್ಟಲು ಕೊಟ್ಟಳು.

ಕುಡಿಯಲಾಗಲಿಲ್ಲ. "ಸಿಹಿ ಭಾಳ ಆತೇನ್ರಿ?" ಎಂದಳು. "ಇಲ್ಲ ಮಾರಾಯ್ತಿ" ಎಂದೆ. ಆ ವಠಾರದ ಎಲ್ಲ ಬಾಗಿಲುಗಳಲ್ಲೂ ದಿನಾ ಸಂಜೆ ಇದೇ ನಡೆಯುತ್ತಿತ್ತು. ನಾನು ತಕ್ಕಡಿಯ ಎರಡೂ ತಟ್ಟೆಗೆ ಒಂದೇ ಧೂಳನ್ನು ಹಾಕಿ, ಮುಳ್ಳು ನೆಟ್ಟಗಿದೆ, ಭಾರವೇ ಇಲ್ಲ ಎಂದು ಜಗತ್ತಿಗೆ ಸಾರಿದ್ದೆ.

ಮರುದಿನವೇ ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಶ್ವಾಸಕೋಶದಿಂದ ಒಂದು ಚೂರು ತೆಗೆದು ನೋಡಿದರು. ಆ ಲೋಹ ಮೈಗೆ ಒಗ್ಗದೆಂದು ತೋರಿಸುವ ರಕ್ತಪರೀಕ್ಷೆ ಎಲ್ಲ ಕಡೆ ಆಗುವಂಥದ್ದಲ್ಲ. ಸಂಶೋಧನಾಲಯವೊಂದರಲ್ಲಿರುವ ಹಳೆಯ ಸಹಪಾಠಿಯ ಕಾಲು ಹಿಡಿದು ಮಾಡಿಸಿದೆ. ಗಂಡನ ರಕ್ತಕ್ಕೆ ಆ ಲೋಹದ ಗೊಡವೆಯೇ ಇಲ್ಲ. ಹೆಂಡತಿಯ ರಕ್ತ ಅದರ ಮೇಲೆ ಉರಿದು ಬಿದ್ದಿತು. ಟಿಬಿ ಮಾತ್ರೆ ನಿಲ್ಲಿಸಿ ಸ್ಟೀರಾಯ್ಡ್ ಶುರು ಮಾಡಿದರು. ಕೆಮ್ಮು ತಗ್ಗಿದೆ, ಊಟ ಸೇರುತ್ತಿದೆ. ಆದರೆ ಗಟ್ಟಿಯಾಗಿ ಹೋದ ಭಾಗ ಮತ್ತೆ ಮೆದುವಾಗುವುದಿಲ್ಲ. ಮೊದಲ ಸಲ ಕೆಮ್ಮಿದಾಗಲೇ ಧೂಳಿನಿಂದ ದೂರ ಮಾಡಿ ಈ ಔಷಧಿ ಕೊಟ್ಟಿದ್ದರೆ ಇವತ್ತು ಮೆಟ್ಟಿಲು ಹತ್ತುತ್ತಿದ್ದಳು. ಈಗ ಗೋಡೆಗೆ ಒರಗಿ ಕೂತಿರುತ್ತಾಳೆ. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿರುತ್ತದೆ. ಫೋನಿನಲ್ಲಿ ನಿನಗೆ ದನಿ ಸಣ್ಣದಾಗಿ ಕೇಳಿಸಿದ್ದು ಸುಳ್ಳಲ್ಲ. ನಿನ್ನ ಫೋನು ಬಂದಾಗ ಅವಳು ಯಂತ್ರ ಆರಿಸಿ ಮಾತಾಡುತ್ತಾಳೆ, ನಿನಗೆ ಸದ್ದು ಗೊತ್ತಾಗಬಾರದೆಂದು. ಹೇಳಬೇಡಿರೆಂದು ನನಗೂ ಆಣೆ ಹಾಕಿದ್ದಳು. ನಾನು ಆ ಆಣೆಯನ್ನು ಸಂತೋಷದಿಂದಲೇ ಒಪ್ಪಿಕೊಂಡೆ, ದಿಲನಾಜ. ನನಗೂ ಅದು ಅನುಕೂಲವಾಗಿತ್ತು.

ಅವಳ ಮಗ ಮುಜಾಹಿದ ಈಗ ಘಾಟ್ಕೋಪರ್‌ನ ಮೊಬೈಲ್ ಅಂಗಡಿಯಲ್ಲಿದ್ದಾನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನಿಗೆ ಎಲ್ಲ ವಿವರಿಸಿದೆ. ಕೂಗಾಡುತ್ತಾನೆಂದುಕೊಂಡಿದ್ದೆ. ಅವನು ಮೆಲ್ಲಗೇ ಹೇಳಿದ:

"ಆಂಟಿ, ಅಬ್ಬಾಂದು ಎಕ್ಸ್‌ರೇ ನೋಡಿದ್ರಿ, ಅಮ್ಮೀದೂ ನೋಡಿದ್ರಿ. ಅಬ್ಬಾಗೆ ಏನಾಗ್ತದೆ ಅಂತ ನೋಡೋಕೆ ಅಬ್ಬಾಂದು ನೋಡಿದ್ರಿ. ಅಮ್ಮೀದು ಸಿರ್ಫ್ ಕಂಪೇರ್ ಮಾಡೋಕೆ. ಹೈ ನಾ?"

ಹೌದು ಎಂದೆ.

ರಾಜೇಸಾಬನದು ಇನ್ನೊಂದು ಬಗೆ. ಶೆಡ್ಡು ಬಿಟ್ಟು ಅವನೂ ಘಾಟ್ಕೋಪರ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದಾನೆ. ಮನೆಗೆ ಬಂದರೆ ಒಳಗೆ ಕಾಲಿಡುವ ಮುಂಚೆ ಹೊರಗಿನ ನಲ್ಲಿಯ ಹತ್ತಿರ ಅಂಗಿ ಬಿಚ್ಚಿ ಅಲ್ಲೇ ತಾನೇ ತೊಳೆಯುತ್ತಾನೆ. "ಈ ಅಂಗಿಯಲ್ಲಿ ಆ ಧೂಳಿಲ್ಲ ರಾಜೇಸಾಬ, ಒಳಗೆ ಹೋಗು" ಎಂದು ನಾನೇ ಒಮ್ಮೆ ಹೇಳಿದೆ. ಅವನು ತಲೆ ಎತ್ತಲಿಲ್ಲ. "ಇರ್ಲಿ ಬಿಡ್ರಿ ಅಕ್ಕಾರ. ನಾನ ತಂದ್ ಹಾಕಿದ್ದಲ್ರೀ ಆಕಿ ಎದಿಯಾಗ. ನನ್ನ ಕೈಲೇನ ತಂದ್ ಹಾಕೀನಿ." ಶೇಟ್ ಬಟ್ಟೆ ಬದಲಿಸಲು ಜಾಗ ಕೊಡಲಿಲ್ಲ, ಡಾಕ್ಟರು ತಪ್ಪು ಲೆಕ್ಕ ಹಾಕಿದಳು, ಆದರೆ ಅಪರಾಧಿ ಎಂದು ತಲೆ ತಗ್ಗಿಸಿ ಕೂತವನು ಅವನು. ನಿನ್ನದೇನೂ ತಪ್ಪಿಲ್ಲ ಎಂದು ನಾನು ಹೇಳಿದರೆ ಅವನು ನಂಬುವುದಿಲ್ಲ. ಧೂಳಿನಿಂದ ಏನೂ ಆಗುವುದಿಲ್ಲ ಎಂದು ಬರೆದವಳೂ ನಾನೇ ತಾನೇ.

ಮುಂದೆ ಏನು ಮಾಡಿದೆ ಎಂದು ನೀನು ಕೇಳುತ್ತೀ. ಲೇಖನವನ್ನು ಹಿಂತೆಗೆದುಕೊಳ್ಳಿ ಎಂದು ಪತ್ರಿಕೆಗೆ ಬರೆದೆ. ಹಿಂತೆಗೆದುಕೊಂಡರು. ಅದೇ ಕಾಲೊನಿಯಲ್ಲಿ ನಮ್ಮ ಕರಾವಳಿ ಕಡೆಯಿಂದ ಬಂದ ಹೋಟೆಲು ಕೆಲಸಗಾರರ ಕುಟುಂಬಗಳಿವೆಯಲ್ಲ, ಆ ಹೆಂಗಸರನ್ನು ಪರೀಕ್ಷಿಸಿ ಹೊಸದಾಗಿ ಹೋಲಿಸಿದೆ. ಅವರ ಗಂಡಂದಿರ ಅಂಗಿಗೆ ಎಣ್ಣೆಯ ವಾಸನೆ ಬರುತ್ತದೆ, ಅಷ್ಟೇ. ಅವರ ಪಕ್ಕದಲ್ಲಿ ಇಟ್ಟು ನೋಡಿದರೆ ಶೆಡ್ಡಿನ ಗಂಡಸರೂ ಅವರ ಹೆಂಡತಿಯರೂ ಇಬ್ಬರೂ ಎಷ್ಟು ಸವೆದಿದ್ದಾರೆಂದು ಮಕ್ಕಳಿಗೂ ತಿಳಿಯುತ್ತದೆ. ಕಾರ್ಮಿಕ ಇಲಾಖೆಗೆ ಬರೆದೆ. ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಶೇಟ್ ಗ್ರೈಂಡರುಗಳನ್ನು ಲಾರಿಗೆ ಹೇರಿಸಿ ಊರ ಹೊರಗೆಲ್ಲಿಗೋ ಸಾಗಿಸಿದ್ದ. ಅಲ್ಲಿ ಈಗ ಯಾರು ಉಜ್ಜುತ್ತಿದ್ದಾರೋ, ಯಾವ ಹೆಂಗಸು ಆ ಅಂಗಿ ಝಾಡಿಸುತ್ತಿದ್ದಾಳೋ ನನಗೆ ಗೊತ್ತಿಲ್ಲ. ಹುಡುಕುತ್ತಿದ್ದೇನೆ.

ಕಳೆದ ತಿಂಗಳು ಎಲ್ಲ ಹೆಂಗಸರನ್ನೂ ಸಮಾಜ ಮಂದಿರಕ್ಕೆ ಕರೆಸಿ ನಿಂತುಕೊಂಡು ಹೇಳಿದೆ. ನಿಮ್ಮನ್ನು ಧೂಳಿಲ್ಲದವರೆಂದು ಎಣಿಸಿದ್ದು ತಪ್ಪು, ಆ ತಪ್ಪು ನನ್ನದು, ಅದರಿಂದ ನಿಮ್ಮ ಕಾಯಿಲೆ ಕಾಣದೆ ಹೋಯಿತು ಎಂದೆ. ಮುಜಾಹಿದ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಎತ್ತಿ ತಂದಿದ್ದ. ಯಾರೂ ಬೈಯಲಿಲ್ಲ. ಮುಂದಿನ ಸಾಲಿನ ಸೋಮವ್ವ, "ಹಂಗಾದ್ರ ಈಗರ ನಮ್ಮ ಎದಿ ನಮ್ಮ ಸಲುವಾಗಿ ನೋಡ್ತೀರೇನ್ರಿ?" ಎಂದು ಕೇಳಿದಳು. ನೋಡುತ್ತಿದ್ದೇವೆ. ಇನ್ನೂ ಕೆಲವರಿಗೆ ರೋಗ ಪತ್ತೆಯಾಗಿದೆ. ಅವರದು ಇನ್ನೂ ಶುರುವಿನ ಹಂತ, ಔಷಧಿ ಹಿಡಿಯುತ್ತಿದೆ. ಗುಲಶನಳಿಗೆ ಹಿಡಿಯಬೇಕಾದಷ್ಟು ಹಿಡಿಯಲಿಲ್ಲ.

ನೀನು ಬಾ, ದಿಲನಾಜ. ರಜೆ ಸಿಕ್ಕಿದ ದಿನವೇ ಹೊರಡು. ನನ್ನ ಮನೆಯಲ್ಲಿ ಇಳಿದುಕೋ ಎಂದು ಮೊದಲಾದರೆ ಅಪ್ಪಣೆ ಮಾಡುತ್ತಿದ್ದೆ. ಈಗ ಅದು ನಿನ್ನ ಇಷ್ಟ. ಗುಲಶನ ನಿನ್ನನ್ನು ಬಾಯಿಬಿಟ್ಟು ಕರೆಯುವುದಿಲ್ಲ, ಆದರೆ ಮೊನ್ನೆ ವಠಾರದ ಗೇಟು ಸದ್ದಾದಾಗ "ದಿಲ್ಲು ಬಂದ್ಳೇನ?" ಎಂದು ಕೇಳಿದಳು. ಬಂದವರು ಪಕ್ಕದ ಮನೆಯವರು.

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನಿನಗಿದೆ. ಆದರೆ ನೀನೇ ಅಕ್ಕನನ್ನು ಇದಕ್ಕೆ ದೂಡಿದೆ ಎಂದು ನಿನ್ನ ಮೇಲೆ ನೀನು ಸಿಟ್ಟು ಮಾಡಿಕೊಳ್ಳಬೇಡ. ನೀನು ನಂಬಿದ್ದು ತಪ್ಪಲ್ಲ. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಕೈಯಲ್ಲಿ ಕಲಿತ ಹುಡುಗಿಯರು ರೋಗಿ ಹೇಳುವುದನ್ನು ಕೇಳುವವರಾಗಲಿ. ನಾನು ಆಶೀರ್ವಾದ ಮಾಡಬಹುದಾದರೆ ಅದು ಇಷ್ಟೇ.

ನಿನ್ನ,
ವಾರಿಜಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಸುರಕುಂಬಾಕ್ಕೆ ಹೋದ ಆ ಸಂಜೆ ನನಗೆ ಮೊದಲ ಸಲ ತಿಳಿಯಿತೆಂಬಂತೆ ಮೇಲೆ ಬರೆದಿದ್ದೇನೆ. ಅದು ನಿಜವಲ್ಲ.

ಮೊದಲ ವರ್ಷ, ಹೆಸರು ಬರೆಸಿಕೊಳ್ಳುವ ದಿನ, ಸಮಾಜ ಮಂದಿರದಲ್ಲಿ ಧೂಳಿನವರಿಗೆ ಒಂದು ಸಾಲು, ಧೂಳಿಲ್ಲದವರಿಗೆ ಒಂದು ಸಾಲು ಕುರ್ಚಿ ಹಾಕಿಸಿದ್ದೆ. ಗುಲಶನ ಎರಡರ ನಡುವೆ ನಿಂತು ಕೇಳಿದಳು, "ಅಕ್ಕಾರ, ಇವರ ಅಂಗಿ ಝಾಡಸೂ ಮುಂದ ನನಗೂ ಕೆಮ್ಮ ಬರ್ತದ್ರೀ. ನಾ ಯಾವ ಸಾಲಿನ್ಯಾಗ ಕುಂದರ್ಲಿ?"

ನನಗೆ ಅರ್ಥವಾಯಿತು. ಅರ್ಥವಾಗದಷ್ಟು ದಡ್ಡಿ ನಾನಲ್ಲ. ಸಮಿತಿ ಒಪ್ಪಿಯಾಗಿತ್ತು, ಹೆಂಗಸರು ಬಂದು ನಿಂತಿದ್ದರು. ಅವಳ ಮಾತನ್ನು ಲೆಕ್ಕಕ್ಕೆ ಹಿಡಿದರೆ ಎಲ್ಲರನ್ನೂ ವಾಪಸು ಕಳಿಸಿ ಹೊಸದಾಗಿ ಶುರು ಮಾಡಬೇಕಿತ್ತು. ಅಂಗಿಯ ಧೂಳು ಎಷ್ಟಿದ್ದೀತು ಎಂದುಕೊಂಡೆ. ನಕ್ಕು, "ನೀನು ಧೂಳಿಲ್ಲದವರ ಸಾಲು, ಗುಲಶನ, ಅಲ್ಲೇ ಕೂತ್ಕೋ" ಎಂದೆ. ಅವಳು ಹೋಗಿ ಕೂತಳು. ಪ್ರತಿ ವರ್ಷ ಬಂದು ಅಲ್ಲೇ ಕೂತಳು.

ಕಳೆದ ತಿಂಗಳ ಸಭೆಯಲ್ಲಿ ಸೋಮವ್ವ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು. "ಅಂಗಿ ಧೂಳಿನ ವಿಷಯ ನಿಮಗ ಯಾವಾಗ ಗೊತ್ತಾತ್ರಿ?" ನಾನು ಬಾಯಿ ತೆರೆಯುವಷ್ಟರಲ್ಲಿ ಗುಲಶನ ಮೂಗಿನ ಕೊಳವೆಯನ್ನು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿ, ಉಸಿರು ಕೂಡಿಸಿಕೊಂಡು ಹೇಳಿದಳು, "ಅಕ್ಕಾರಿಗೂ ಗೊತ್ತಿದ್ದಿಲ್ಲ ಯವ್ವಾ, ಪಾಪ."

ನಾನು ಹೌದೆಂದು ತಲೆಯಾಡಿಸಿದೆ.